ಪಿಕಪ್ ಎತ್ತರಿಸುವ ಮುನ್ನ: ಟಯರ್, ವ್ಹೀಲ್, ಲಿಫ್ಟ್ ಆರಿಸುವ ಕ್ರಮ

"ಅಣ್ಣಾ, ಎಷ್ಟು ಇಂಚು ಎತ್ತಬಹುದು?" ಪಿಕಪ್ ತಂದು ನಿಲ್ಲಿಸಿದವರ ಬಾಯಿಂದ ಬರುವ ಮೊದಲ ಮಾತೇ ಇದು. ನನ್ನದು ಹಾಸನದಲ್ಲಿ ವ್ಹೀಲ್ ಅಲೈನ್‌ಮೆಂಟ್ ಅಂಗಡಿ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ಗಾಡಿಗಳೇ ಹೆಚ್ಚು ಬರುವುದು. ಲಿಫ್ಟ್ (ಗಾಡಿ ಎತ್ತರಿಸುವ ಸ್ಪ್ರಿಂಗ್, ಬಿಲ್ಲೆಗಳ ಸೆಟ್ಟು) ಹಾಕುವವರು ಬೇರೆ ಕಡೆ ಇದ್ದಾರೆ. ಹಾಕಿಸಿದ ಮೇಲೆ ಸ್ಟೇರಿಂಗ್ ಎಳೆಯುತ್ತೆ, ಟಯರಿನ ಒಳಅಂಚು ಸವೆಯುತ್ತೆ ಅಂತ ಬರುವುದು ನಮ್ಮಲ್ಲಿಗೆ. ಯಾರ ಕೆಲಸ ಬಾಳುತ್ತೆ, ಯಾರದು ಎರಡು ಮಳೆಗಾಲಕ್ಕೇ ಕೈಕೊಡುತ್ತೆ ಅನ್ನುವುದು ಮೆಷಿನ್ ಮೇಲೆ ಹತ್ತಿಸಿದ ಕೂಡಲೇ ಗೊತ್ತಾಗುತ್ತೆ.

ಇಂಚಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಟಯರ್ ಆರಿಸಿ, ಆಮೇಲೆ ಅದಕ್ಕೆ ತಕ್ಕ ವ್ಹೀಲ್. ಆ ಟಯರ್ ಉಜ್ಜದೆ ತಿರುಗಲು, ನೀವು ಹೇರುವ ಭಾರ ಹೊರಲು ಎಷ್ಟು ಬೇಕೋ ಅಷ್ಟೇ ಲಿಫ್ಟ್. ಹೆಚ್ಚಿನವರು ಇದನ್ನು ತಿರುಗಾಮುರುಗ ಮಾಡುತ್ತಾರೆ: ಚಂದ ಕಂಡಿತೆಂದು ಅಲಾಯ್ ತರುತ್ತಾರೆ, ಅದಕ್ಕೆ ಸಿಕ್ಕ ಟಯರ್ ಹಾಕುತ್ತಾರೆ, ಟಯರ್ ಮಡ್‌ಗಾರ್ಡಿಗೆ ಉಜ್ಜಿದಾಗ ಲಿಫ್ಟ್ ಹುಡುಕುತ್ತಾರೆ.

ಇಲ್ಲಿ ಉದಾಹರಣೆಗೆ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ತಗೊಳ್ತೀನಿ. 2016ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ನಮ್ಮ ಮಲೆನಾಡಿನಲ್ಲಿ ಹೆಚ್ಚು ಕಾಣುವ ಫೋರ್‌ಬೈಫೋರ್ ಪಿಕಪ್ ಅದೇ. 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್‌ಗೂ ಬಹುಪಾಲು ಇದೇ ಲೆಕ್ಕ. ಎರಡಕ್ಕೂ ಮುಂದೆ ಡಬಲ್ ವಿಶ್‌ಬೋನ್ (ವ್ಹೀಲನ್ನು ಮೇಲೊಂದು, ಕೆಳಗೊಂದು ಹಿಡಿದಿರುವ ಆರ್ಮುಗಳು) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಒಂದೇ ತುಂಡಿನ ಆಕ್ಸಲ್ ಮೇಲೆ ಕಮಾನು ಪಟ್ಟಿ.

ಲಿಫ್ಟ್ ಏನು ಎತ್ತುತ್ತೆ, ಏನು ಎತ್ತೋದಿಲ್ಲ

ತೋಟದ ರಸ್ತೆಯಲ್ಲಿ ಗಾಡಿ ಸಿಕ್ಕಿಕೊಳ್ಳುವುದು ಹೇಗೆ ಅಂತ ನೆನಪು ಮಾಡಿಕೊಳ್ಳಿ. ಜೂನ್ ಕಳೆಯುವಷ್ಟರಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಆಳದ ಗಾಲಿಜಾಡು ಬಿದ್ದಿರುತ್ತೆ, ನಡುವೆ ದಿಂಡು ಎದ್ದಿರುತ್ತೆ. ಆ ದಿಂಡಿಗೆ ಮೊದಲು ತಾಗುವುದು ಹಿಂದಿನ ಆಕ್ಸಲ್ ನಡುವೆ ಇರುವ ಹೌಸಿಂಗಿನ (ಡಿಫರೆನ್ಷಿಯಲ್ ಗೇರುಗಳ ಡಬ್ಬಿಯ) ಹೊಟ್ಟೆ. ಸ್ಪ್ರಿಂಗ್ ಕೂತಿರುವುದು ಆಕ್ಸಲ್‌ಗೂ ಚಾಸಿಗೂ ಮಧ್ಯೆ. ಲಿಫ್ಟ್ ಹಾಕಿದರೆ ಚಾಸಿ ಮೇಲೇರುತ್ತೆ, ಬಾಡಿ ಮೇಲೇರುತ್ತೆ, ಬಂಪರ್ ಮೇಲೇರುತ್ತೆ. ಹೌಸಿಂಗ್ ಇದ್ದಲ್ಲೇ ಇರುತ್ತೆ. ನಾಲ್ಕು ಇಂಚು ಎತ್ತಿದರೂ ಅದು ನೆಲದಿಂದ ಒಂದು ಕೂದಲೆಳೆ ಮೇಲೆ ಬರೋದಿಲ್ಲ.

ಹೌಸಿಂಗನ್ನು ಎತ್ತುವುದು ಟಯರ್ ಮಾತ್ರ. ಹೊಸ ಟಯರಿನ ವ್ಯಾಸ ಹಳೆಯದಕ್ಕಿಂತ ಎಷ್ಟು ಹೆಚ್ಚೋ ಅದರ ಅರ್ಧದಷ್ಟು ಅದು ಮೇಲೇಳುತ್ತೆ.

ಹಾಗಂತ ಲಿಫ್ಟ್ ದಂಡ ಅಂತಲ್ಲ. ಚರಂಡಿ ಇಳಿದು ಹತ್ತುವಾಗ ಮೂತಿ ತಾಗದಂತೆ, ಹಿಂದಿನ ಬಂಪರ್ ನೆಲಕ್ಕೆ ಬಡಿಯದಂತೆ, ಏರಿಯ ನೆತ್ತಿಯಲ್ಲಿ ಹೊಟ್ಟೆ ಸಿಕ್ಕದಂತೆ ಕೋನಗಳನ್ನು ಹೆಚ್ಚಿಸುವುದು ಅದೇ. ಖಾಲಿ ಗಾಡಿಯ ಕಮಾನು ಭಾರ ಹೇರಿದ ಕೂಡಲೇ ಕುಸಿಯುತ್ತಿದ್ದರೆ ಅದಕ್ಕೂ ಒಳ್ಳೆಯ ಸ್ಪ್ರಿಂಗೇ ಔಷಧಿ. ಆದರೆ ಎತ್ತರಕ್ಕೆ ಬೇರೆ ಬೆಲೆಯೂ ಇದೆ. ತೂಕದ ಕೇಂದ್ರ ಮೇಲೇರಿ ಚಾರ್ಮಾಡಿಯ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತೆ. ಮನೆಯ ಹಿರಿಯರು ಹತ್ತಲು ಮೆಟ್ಟಿಲು ಬೇಕಾಗುತ್ತೆ. ಯಾರೂ ಯೋಚಿಸದ ಇನ್ನೊಂದು ಮಾತು: 50 ಕೆಜಿ ಕಾಫಿ ಚೀಲ ಹೆಗಲ ಮೇಲಿಂದ ಒಳಗೆ ಹಾಕುವವರಿಗೆ ಎರಡು ಇಂಚು ಎತ್ತರ ಅಂದರೆ ಸಣ್ಣದಲ್ಲ. ಮೂರು ಇಂಚು ಎತ್ತಿಸಿಕೊಂಡ ತೋಟದವರೊಬ್ಬರ ಕೆಲಸದವರು ಚೀಲ ಹಾಕಲು ಆಗಲ್ಲ ಅಂದುಬಿಟ್ಟರು. ಈಗ ಅವರ ಚೀಲಗಳೆಲ್ಲ ಟ್ರ್ಯಾಕ್ಟರಿನಲ್ಲೇ ಹೋಗುತ್ತವೆ, ಪಿಕಪ್ ಮದುವೆ ಮನೆಗೆ ಮಾತ್ರ.

ಟಯರಿನ ಲೆಕ್ಕ

ಟಯರ್ ಪಕ್ಕದಲ್ಲಿ ಬರೆದಿರುವ ಅಂಕಿ ಓದಲು ಕಲಿತರೆ ಅಂಗಡಿಯವರ ಬಾಯಿ ಮಾತು ಬೇಕಾಗಿಲ್ಲ. ಮೊದಲ ವಿ-ಕ್ರಾಸ್‌ಗೆ ಕಂಪನಿ ಕೊಟ್ಟದ್ದು 245/70 ಆರ್ 16. ಅಂದರೆ ಅಗಲ 245 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 70 ಶೇಕಡಾ, ಒಳಗಿನ ವ್ಹೀಲ್ 16 ಇಂಚು. ಗೋಡೆ 171.5 ಮಿಮೀ, ಮೇಲೆ ಕೆಳಗೆ ಎರಡು ಸಲ ಸೇರಿಸಿ, 16 ಇಂಚಿನ 406 ಮಿಮೀ ಕೂಡಿದರೆ ಒಟ್ಟು ವ್ಯಾಸ ಸುಮಾರು 749 ಮಿಮೀ. ಇಂಚಿನಲ್ಲಿ 29.5.

ಈಗ ಜನ ಕೇಳುವ ಅಳತೆಗಳನ್ನು ಇದೇ ರೀತಿ ಬಿಡಿಸಿ. 265/70 ಆರ್ 16 ಹಾಕಿದರೆ ವ್ಯಾಸ 777 ಮಿಮೀ. ಹೌಸಿಂಗ್ 14 ಮಿಮೀ ಏರುತ್ತೆ. 265/75 ಆರ್ 16 ಆದರೆ 804 ಮಿಮೀ, ಏರಿಕೆ 27 ಮಿಮೀ. 285/75 ಆರ್ 16 ಅಂದರೆ 834 ಮಿಮೀ, 33 ಇಂಚಿನ ಟಯರ್ ಅಂತ ಕರೆಯುವುದು ಇದನ್ನೇ. ಆ ಕೊನೆಯದನ್ನು ಈ ಗಾಡಿಗೆ ಕೂರಿಸಬೇಕೆಂದರೆ ಲೈನರ್ (ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಕತ್ತರಿಸಬೇಕು, ಕ್ಯಾಬಿನ್ನಿನ ಮುಂದಿನ ಮೌಂಟ್ ಹತ್ತಿರದ ಲೋಹ ಬಡಿದು ಕೊಯ್ಯಬೇಕು. ತೋಟದ ಗಾಡಿಗೆ ಅದು ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು.

ವ್ಯಾಸ ಹೆಚ್ಚಾದಷ್ಟೂ ಗೇರ್ ಭಾರವಾಗುತ್ತೆ. 265/75ಕ್ಕೆ ಹೋದರೆ 7 ಶೇಕಡಾ ವ್ಯತ್ಯಾಸ. ಮೀಟರ್ 80 ತೋರಿಸುವಾಗ ಗಾಡಿ 86ರ ಹತ್ತಿರ ಓಡುತ್ತಿರುತ್ತೆ, 100 ಕಿಲೋಮೀಟರ್ ಓಡಿದೆ ಅಂತ ಮೀಟರ್ ಹೇಳಿದರೆ ನಿಜಕ್ಕೆ 107 ಆಗಿರುತ್ತೆ. ಮೈಲೇಜ್ ಲೆಕ್ಕ ಹಾಕುವವರು ಇದನ್ನು ಸೇರಿಸದೆ "ಐದು ಕಿಲೋಮೀಟರ್ ಬಿತ್ತು" ಅಂತ ಬೈಯುತ್ತಾರೆ. ಬೀಳುವುದು ನಿಜ, ಅಷ್ಟಲ್ಲ. ಶಿರಾಡಿ ಘಾಟಿಯಲ್ಲಿ ಮೊದಲು ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಮೂರಕ್ಕೆ ಇಳಿಸಬೇಕಾಗುತ್ತೆ. ಬ್ರೇಕಿಗೂ ಅದೇ ಕತೆ. ದಪ್ಪ ಪ್ಲೈ ಟಯರ್ ಒಂದೊಂದೂ ಮೂಲದ್ದಕ್ಕಿಂತ ಐದಾರು ಕೆಜಿ ಹೆಚ್ಚು ತೂಗುತ್ತೆ, ತಿರುಗುವ ಆ ತೂಕವನ್ನು ನಿಲ್ಲಿಸುವುದು ಹಳೆಯ ಬ್ರೇಕೇ. 265/70 ಆದರೆ ವ್ಯತ್ಯಾಸ 4 ಶೇಕಡಾದೊಳಗೆ. ಸ್ಪೀಡೋಮೀಟರನ್ನು ಕಂಪನಿಯವರೇ ಸ್ವಲ್ಪ ಹೆಚ್ಚು ತೋರಿಸುವ ಹಾಗೆ ಇಟ್ಟಿರುತ್ತಾರಾದ್ದರಿಂದ ಆ ಮಟ್ಟಿಗೆ ಮೀಟರ್ ನಿಜಕ್ಕೆ ಹತ್ತಿರ ಬರುತ್ತೆ.

ಅಗಲದ ಮೋಹ ಬಿಡಿ ಅಂತ ನಾನು ಎಲ್ಲರಿಗೂ ಹೇಳುವುದು. 235/85 ಆರ್ 16 ಅನ್ನುವ ಅಳತೆ ಒಂದಿದೆ. ವ್ಯಾಸ 806 ಮಿಮೀ, ಅಂದರೆ 265/75ರಷ್ಟೇ ಎತ್ತರ, ಅಗಲ ಮಾತ್ರ 30 ಮಿಮೀ ಕಡಿಮೆ. ನಮ್ಮ ಕಡೆಯ ಕೆಸರಿಗೆ ಕೆಳಗೆ ಗಟ್ಟಿ ತಳ ಇರುತ್ತೆ. ಸಪೂರ ಟಯರ್ ಮೇಲಿನ ರಾಡಿ ಸೀಳಿ ಆ ತಳ ಮುಟ್ಟುತ್ತೆ, ಅಗಲದ್ದು ರಾಡಿಯ ಮೇಲೆ ತೇಲುತ್ತೆ. ಮೇಲಿನ ಆರ್ಮಿಗೂ ಲೈನರಿಗೂ ಉಜ್ಜುವುದೂ ಕಡಿಮೆ. ಸಿಕ್ಕರೆ ಹಾಕಿ. ನೋಡಲು ಎದೆ ಉಬ್ಬಿಸಿ ನಿಂತ ಹಾಗೆ ಕಾಣಲ್ಲ ಅನ್ನುವುದೊಂದೇ ಕೊರತೆ, ಅದಕ್ಕೆ ಬೇಕಾದರೆ ಕಪ್ಪು ಪೇಂಟ್ ಹೊಡೆಸಿ.

ಅಳತೆ ಆದ ಮೇಲೆ ನಮೂನೆ. ಟಾರು ಮುಖ್ಯವಾಗಿದ್ದರೆ ಎಟಿ, ಅಂದರೆ ಆಲ್ ಟೆರೈನ್. ಮಡ್ ಟೆರೈನ್, ಎಂಟಿ ಅನ್ನುವುದರ ದೊಡ್ಡ ಬ್ಲಾಕ್‌ಗಳ ನಡುವಿನ ಕಂದಕ ಕೆಸರನ್ನು ತಾನೇ ಎಸೆಯುತ್ತೆ. ಎಟಿ ನಮ್ಮ ಕೆಂಪು ಜೇಡಿಯಲ್ಲಿ ನಾಲ್ಕು ಸುತ್ತಿಗೇ ಹೂತು ನುಣ್ಣಗಾಗುತ್ತೆ. ಅದೇ ಎಂಟಿ ಮಳೆಯಲ್ಲಿ ನೆನೆದ ಟಾರಿನ ಮೇಲೆ ಬ್ರೇಕಿಗೆ ಹಿಡಿತ ಕಡಿಮೆ ಕೊಡುತ್ತೆ, ಮೇಲಿಂದ ಗುಂಯ್ ಅನ್ನುವ ಸದ್ದು. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರು ಎಂಟಿ ಹಾಕಿಸಿದರೆ ಮೂರನೇ ವಾರಕ್ಕೆ ಮನೆಯವರೇ ತೆಗೆಸುತ್ತಾರೆ. ಬಿಸಿಲೆ, ದೇವರಮನೆ ಕಡೆಗಳಲ್ಲಿ ತೋಟದೊಳಗೇ ನಾಲ್ಕು ತಿಂಗಳು ಓಡಾಡುವವರಿಗೆ ನಾನು ಹೇಳುವುದು ಎರಡು ಸೆಟ್: ಮಳೆಗಾಲಕ್ಕೆ ಹಳೆಯ ಸ್ಟೀಲ್ ಡಿಸ್ಕಿನ ಮೇಲೆ ಎಂಟಿ, ಉಳಿದ ಕಾಲಕ್ಕೆ ಎಟಿ. ದುಡ್ಡು ಒಮ್ಮೆಗೇ ಹೆಚ್ಚು, ಸವೆತ ಹಂಚಿಹೋಗುವುದರಿಂದ ಕೊನೆಗೆ ಅಷ್ಟೇನೂ ಹೆಚ್ಚಾಗಲ್ಲ.

ಭಾರದ ಅಂಕಿಯನ್ನು ಮರೆಯಬೇಡಿ. ಅಳತೆ ಆದ ಮೇಲೆ 111, 116, 123 ಅಂತ ಬರೆದಿರುತ್ತೆ. 111 ಅಂದರೆ ಒಂದು ಟಯರ್ 1,090 ಕೆಜಿ ಹೊರುತ್ತೆ, 116 ಅಂದರೆ 1,250, 123 ಅಂದರೆ 1,550. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಅಂಕಿಯ ಟಯರ್ ಯಾವ ಬೆಲೆಗೆ ಸಿಕ್ಕರೂ ಬೇಡ. ಅಳತೆಗೆ ಮೊದಲು ಎಲ್‌ಟಿ ಅಂತ ಇದ್ದರೆ ಅದು ಲಘು ಟ್ರಕ್ಕಿನ ಗಟ್ಟಿ ಗೋಡೆಯ ಟಯರ್: ಕಲ್ಲು, ಕಾಫಿ ಬೊಡ್ಡೆಗೆ ಸುಲಭಕ್ಕೆ ಬಗ್ಗಲ್ಲ, ಆದರೆ ಅದೇ ಭಾರಕ್ಕೆ ಹೆಚ್ಚು ಗಾಳಿ ಕೇಳುತ್ತೆ, ಖಾಲಿ ಗಾಡಿಯಲ್ಲಿ ಕುಲುಕಾಡಿಸುತ್ತೆ. ಕೊಳ್ಳುವಾಗ ಪಕ್ಕದ ನಾಲ್ಕಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. 2020ರಿಂದ ಹೊರದೇಶದ ಹೊಸ ಟಯರ್ ತರಿಸಲು ಸರ್ಕಾರದ ಪರವಾನಗಿ ಬೇಕು, ಹಾಗಾಗಿ ಅಪರೂಪದ ಅಳತೆಗಳು ಗೋಡೌನಿನಲ್ಲಿ ಹಳತಾಗಿ ಕೂತಿರುವುದುಂಟು. ಒಂದು ಟಯರ್ ಸೀಳಿಹೋದರೆ ಜೊತೆಯದ್ದು ಮತ್ತೆ ಸಿಗುತ್ತಾ ಅನ್ನುವುದನ್ನೂ ಮೊದಲೇ ಕೇಳಿ. ಅಪೊಲೊ, ಎಂಆರ್‌ಎಫ್, ಸಿಯೆಟ್, ಜೆಕೆಯಂಥ ನಮ್ಮ ದೇಶದ ಕಂಪನಿಗಳಲ್ಲೂ ಈಗ ಎಟಿ ಇದೆ. ಹಾಸನದಲ್ಲಿ ಸಂಜೆಯೊಳಗೆ ಸಿಗುವ ಟಯರ್, ಮುಂಬೈಯಿಂದ ಹದಿನೈದು ದಿನಕ್ಕೆ ಬರುವ ಟಯರಿಗಿಂತ ಮೇಲು.

ವ್ಹೀಲ್: ಚಂದಕ್ಕಿಂತ ಮೊದಲು ನಾಲ್ಕು ಅಳತೆ

ಬೋಲ್ಟಿನ ಸುತ್ತು ಡಿ-ಮ್ಯಾಕ್ಸ್‌ಗೂ ಹೈಲಕ್ಸ್‌ಗೂ ಒಂದೇ, ಆರು ಬೋಲ್ಟ್, 139.7 ಮಿಮೀ. "ಹೈಲಕ್ಸ್ ವ್ಹೀಲ್ ಸಿಕ್ಕಿದೆ, ಕೂರುತ್ತೆ ಬಿಡಿ" ಅಂತ ಜನ ತರುವುದು ಇದನ್ನು ನಂಬಿ. ಬೋಲ್ಟ್ ಕೂರುತ್ತೆ ನಿಜ. ನಡುವಿನ ತೂತು ಹೈಲಕ್ಸ್‌ಗೆ 106 ಮಿಮೀ, ಡಿ-ಮ್ಯಾಕ್ಸ್‌ಗೆ 100ರ ಹತ್ತಿರ. ಆ ಸಂದು ತುಂಬುವ ಹಬ್ ರಿಂಗ್ ಇಲ್ಲದಿದ್ದರೆ ವ್ಹೀಲ್ ಸರಿಯಾಗಿ ನಡುವೆ ಕೂರದೆ 80ರ ಮೇಲೆ ಸ್ಟೇರಿಂಗ್ ನಡುಗುತ್ತೆ. ಮೂರು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗದ ನಡುಕಕ್ಕೆ ಎಷ್ಟೋ ಸಲ ಇದೇ ಕಾರಣ. ಇದರ ಉಲ್ಟಾ, ಡಿ-ಮ್ಯಾಕ್ಸ್ ವ್ಹೀಲ್ ಹೈಲಕ್ಸ್ ಹಬ್ಬಿಗೆ ಹೋಗುವುದೇ ಇಲ್ಲ.

ಆಫ್‌ಸೆಟ್ ಅನ್ನುವುದು ವ್ಹೀಲಿನ ಹಿಂದೆ ಇಟಿ ಅಂತ ಕೊರೆದಿರುವ ಅಂಕಿ. ಈ ಜಾತಿಯ ಪಿಕಪ್‌ಗಳಲ್ಲಿ ಅದು 30ರ ಆಸುಪಾಸು ಇರುತ್ತೆ. ಅಂಕಿ ಇಳಿದಷ್ಟೂ ವ್ಹೀಲ್ ಹೊರಗೆ ಬರುತ್ತೆ. 7 ಇಂಚು ಅಗಲ, ಇಟಿ 33 ಇದ್ದ ಜಾಗಕ್ಕೆ 8 ಇಂಚು, ಇಟಿ 0 ಹಾಕಿದರೆ ಹೊರಅಂಚು ಒಂದೊಂದು ಕಡೆಯೂ 46 ಮಿಮೀಯಷ್ಟು ಆಚೆ. ಫೋಟೋದಲ್ಲಿ ಗಾಡಿ ಕಾಲಗಲಿಸಿ ನಿಂತಂತೆ ಗತ್ತಾಗಿ ಕಾಣುತ್ತೆ. ಓಡಿಸುವಾಗ ಪ್ರತಿ ಗುಂಡಿಯೂ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತೆ, ವ್ಹೀಲ್ ಬೇರಿಂಗ್ ಬೇಗ ಕೂಗುತ್ತೆ, ಕೆಸರೆಲ್ಲ ಬಾಗಿಲಿಗೆ. ತಿರುಗಿಸುವಾಗ ಟಯರ್ ದೊಡ್ಡ ಕಮಾನಿನಲ್ಲಿ ಸುತ್ತುವುದರಿಂದ ಬಂಪರ್ ಮೂಲೆಗೆ ಉಜ್ಜುವುದು ಹೆಚ್ಚೇ ಆಗುತ್ತೆ, ಕಡಿಮೆ ಅಲ್ಲ. 265 ಅಗಲಕ್ಕೆ ಇಟಿ 20ರಿಂದ 30ರೊಳಗೆ ಇರಲಿ. ಸ್ಪೇಸರ್ ಬಿಲ್ಲೆ ಹಾಕಿ ಹೊರಗೆ ತಳ್ಳುವ ಕೆಲಸ ನಮ್ಮ ಅಂಗಡಿಯಲ್ಲಿ ಮಾಡೋದಿಲ್ಲ.

ಅಗಲ 7ರಿಂದ 8 ಇಂಚು ಸಾಕು. ಕಂಪನಿಯ 7 ಇಂಚಿನ ವ್ಹೀಲಿಗೆ 265/75, 235/85 ಎರಡೂ ಕೂರುತ್ತವೆ. ಅಂದರೆ ಹೆಚ್ಚಿನವರಿಗೆ ಹೊಸ ವ್ಹೀಲೇ ಬೇಕಾಗಿಲ್ಲ. ಆ ದುಡ್ಡು ಶಾಕ್ ಅಬ್ಸಾರ್ಬರಿಗೆ ಹಾಕಿ ಅಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ವ್ಹೀಲ್ ಬದಲಾಯಿಸಲು ಒಂದು ಒಳ್ಳೆಯ ಕಾರಣ ಇದೆ. ಆಮೇಲಿನ ವಿ-ಕ್ರಾಸ್‌ಗಳ ಮೇಲಿನ ಮಾದರಿಗಳಿಗೆ 255/60 ಆರ್ 18 ಬರುತ್ತೆ. ಅದರ ಗೋಡೆ 153 ಮಿಮೀ. ಕಲ್ಲಿನ ಅಂಚಿಗೆ ಹೊಡೆದರೆ ಟಯರ್ ಸೀಳುವುದೂ ಅಲಾಯ್ ಬಿರಿಯುವುದೂ ಒಟ್ಟಿಗೆ. 16 ಇಂಚಿಗೆ ಇಳಿದು 265/75 ಹಾಕಿದರೆ ಗೋಡೆ 199 ಮಿಮೀ ಆಗುತ್ತೆ, ಗಾಳಿ ಇಳಿಸಿ ಓಡಿಸಲು ಮೈ ಸಿಗುತ್ತೆ. ಕೊಳ್ಳುವ ಮೊದಲು ಒಂದು ವ್ಹೀಲನ್ನು ಬರಿದೇ ಮುಂದಿನ ಹಬ್ಬಿಗೆ ಸಿಕ್ಕಿಸಿ, ಕೈಯಲ್ಲಿ ಸುತ್ತಿಸಿ, ಬ್ರೇಕ್ ಕ್ಯಾಲಿಪರಿಗೆ ತಾಗುತ್ತಾ ನೋಡಿ.

ಅಲಾಯ್ ಹಿಂಬದಿಯಲ್ಲಿ ಎಷ್ಟು ಭಾರ ಹೊರುತ್ತೆ ಅಂತ ಅಚ್ಚಾಗಿರಬೇಕು. ಇಲ್ಲದಿದ್ದರೆ ಅದು ಕಾರಿನ ಶೋಕಿಗೆ ಮಾಡಿದ್ದು. ನಟ್ಟಿನ ಕೂರುವ ಮುಖವೂ ಹೊಂದಬೇಕು: ಚಪ್ಪಟೆ ಮುಖದ ನಟ್ಟನ್ನು ಇಳಿಜಾರು ತೂತಿಗೆ ಬಿಗಿದರೆ ಅದು ಎಷ್ಟು ಬಿಗಿದರೂ ಸಡಿಲವೇ.

ಲಿಫ್ಟ್, ಕೊನೆಗೂ

ಒಂದು ಪೆನ್ನು, ಟೇಪು ತಗೊಂಡು ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ನಾಲ್ಕೂ ಕಡೆ ಹಬ್ಬಿನ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟಯರ್ ಬದಲಾದರೆ, ಗಾಳಿ ಬದಲಾದರೆ ಆ ಅಂಕಿ ಸುಳ್ಳಾಗುತ್ತೆ. ಖಾಲಿ ಇದ್ದಾಗ ಒಮ್ಮೆ, ನೀವು ದಿನಾ ಹೇರುವ ಭಾರ ಹೇರಿ ಇನ್ನೊಮ್ಮೆ. ಎರಡರ ವ್ಯತ್ಯಾಸವೇ ನಿಮಗೆ ಬೇಕಾದ ಹಿಂದಿನ ಪಟ್ಟಿ ಯಾವುದು ಅಂತ ಹೇಳುತ್ತೆ. ಒಳ್ಳೆಯ ಕಂಪನಿಗಳು ಸ್ಪ್ರಿಂಗನ್ನು ಇಂಚಿನ ಮೇಲೆ ಮಾತ್ರ ಮಾರಲ್ಲ. ಯಾವಾಗಲೂ ಗಾಡಿಯ ಮೇಲೇ ಇರುವ ಭಾರ ಎಷ್ಟು ಅಂತ ಕೇಳಿ ಹಗುರ, ಮಧ್ಯಮ, ಭಾರಿ ಅಂತ ಕೊಡುತ್ತವೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್‌ನಂಥ ಆಸ್ಟ್ರೇಲಿಯಾದ ಕಿಟ್‌ಗಳು ಹೀಗೇ ಬರುವುದು. ಚೀಲ ಹೇರುವುದು ವರ್ಷಕ್ಕೆ ಮೂರು ತಿಂಗಳಾದರೆ ಭಾರಿ ಪಟ್ಟಿ ಬೇಡ. ಉಳಿದ ಒಂಬತ್ತು ತಿಂಗಳು ಹಿಂದೆ ಕೂತವರ ಸೊಂಟ ಮುರಿಯುತ್ತೆ.

ಮುಂದಿನ ಲಿಫ್ಟ್‌ನಲ್ಲಿ ಎರಡು ದಾರಿ. ಅಗ್ಗದ್ದು ಸ್ಟ್ರಟ್ (ಕಾಯಿಲ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಜೋಡಣೆ) ತಲೆಯ ಮೇಲೆ ಕೂರಿಸುವ ಸ್ಪೇಸರ್. ಸ್ಟ್ರಟ್ ಕೂತಿರುವುದು ಕೆಳಗಿನ ಆರ್ಮಿನ ನಡುವೆ ಎಲ್ಲೋ, ವ್ಹೀಲ್ ಇರುವುದು ಅದರ ತುದಿಯಲ್ಲಿ. ಹಾಗಾಗಿ ಮೇಲೆ 25 ಮಿಮೀ ಬಿಲ್ಲೆ ಇಟ್ಟರೆ ವ್ಹೀಲಿನ ಕಡೆ ಹೆಚ್ಚುಕಮ್ಮಿ ಎರಡು ಪಟ್ಟು ಏರುತ್ತೆ. ಇದು ಗೊತ್ತಿಲ್ಲದೆ "ಎರಡು ಇಂಚು ಬೇಕು" ಅಂತ ಎರಡು ಇಂಚಿನ ಬಿಲ್ಲೆಯನ್ನೇ ಹಾಕಿಸಿದ ಗಾಡಿಗಳು ನಮ್ಮಲ್ಲಿಗೆ ಬಂದಿವೆ, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿದು ಗ್ರೀಸ್ ಕಾರುತ್ತಾ. ಬಿಲ್ಲೆಯ ಇನ್ನೊಂದು ತೊಂದರೆ, ವ್ಹೀಲ್ ಗಾಳಿಯಲ್ಲಿ ತೂಗಿದಾಗ ಆರ್ಮು ಮೊದಲಿಗಿಂತ ಕೆಳಗೆ ಹೋಗುತ್ತೆ. ಮೇಲಿನ ಬಾಲ್ ಜಾಯಿಂಟ್ ಅದರ ಮಿತಿ ದಾಟಿ ಕಚ್ಚಿಕೊಳ್ಳುತ್ತೆ.

ಸರಿಯಾದ ದಾರಿ, ಆ ಎತ್ತರಕ್ಕೇ ಮಾಡಿದ ಉದ್ದದ ಕಾಯಿಲ್ ಮತ್ತು ಅದಕ್ಕೆ ಜೊತೆಯಾದ ಶಾಕ್ ಅಬ್ಸಾರ್ಬರ್. ವ್ಹೀಲಿನ ಕಡೆ 40ರಿಂದ 50 ಮಿಮೀ ತನಕ ಮೂಲ ಆರ್ಮುಗಳೇ ಹೇಗೋ ಸಾಗಿಸುತ್ತವೆ. ಅದರ ಮೇಲೆ ಹೋದರೆ ಬೇರೆ ಮೇಲಿನ ಕಂಟ್ರೋಲ್ ಆರ್ಮ್, ಮುಂದಿನ ಡಿಫರೆನ್ಷಿಯಲ್ ಕೆಳಗಿಳಿಸುವ ಕಿಟ್ ಅಂತ ಬಾಲ ಬೆಳೆಯುತ್ತೆ. ಕಾರಣ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ವ್ಹೀಲ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಮುಂಭಾಗ ಎತ್ತಿದಾಗ ಕ್ಯಾಸ್ಟರ್ ಕೋನ ಕುಗ್ಗುತ್ತೆ. ಕುಗ್ಗಿದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ವಾಪಸ್ ಬರೋದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತೆ. ಮೆಷಿನ್ ಮೇಲೆ ನಾನು ಟೋ (ಮೇಲಿಂದ ನೋಡಿದಾಗ ವ್ಹೀಲ್ ಒಳಗೋ ಹೊರಗೋ ತಿರುಗಿರುವುದು) ಸರಿಮಾಡಬಲ್ಲೆ, ಕ್ಯಾಂಬರ್ (ಎದುರಿಂದ ನೋಡಿದಾಗ ವ್ಹೀಲ್ ವಾಲಿರುವುದು) ತರಬಲ್ಲೆ. ಬೋಲ್ಟಿನಲ್ಲಿ ಹೊಂದಾಣಿಕೆ ಮುಗಿದ ಮೇಲೆ ಕ್ಯಾಸ್ಟರ್ ಎಲ್ಲಿಂದ ತರಲಿ? "ಹಸಿರು ಬಂದಿಲ್ಲ, ಕೆಂಪೇ ತೋರಿಸ್ತಿದೆ" ಅಂತ ಗಿರಾಕಿ ಸಿಟ್ಟಾಗುವುದು ನನ್ನ ಮೇಲೆ.

ಇನ್ನೊಂದು ತಪ್ಪು ತಿಳುವಳಿಕೆ: ಲಿಫ್ಟ್ ಹಾಕಿದರೆ ದೊಡ್ಡ ಟಯರಿಗೆ ಜಾಗ ಆಗುತ್ತೆ ಅನ್ನುವುದು. ನಿಂತ ಗಾಡಿಯಲ್ಲಿ ಆಗುತ್ತೆ. ಆದರೆ ಬಂಪ್ ಸ್ಟಾಪ್ (ವ್ಹೀಲ್ ಇನ್ನೂ ಮೇಲೆ ಹೋಗದಂತೆ ತಡೆಯುವ ರಬ್ಬರ್) ಅದೇ ಇದ್ದರೆ, ದೊಡ್ಡ ಗುಂಡಿಗೆ ಬಿದ್ದಾಗ ವ್ಹೀಲ್ ಮೇಲೆ ಹೋಗಿ ನಿಲ್ಲುವುದು ಮೊದಲಿನ ಜಾಗದಲ್ಲೇ. ಹಾಗಾಗಿ ಉಜ್ಜುತ್ತಾ ಅಂತ ನೋಡುವುದು ಅಂಗಡಿಯ ಸಿಮೆಂಟ್ ನೆಲದ ಮೇಲಲ್ಲ. ಒಂದು ಮುಂದಿನ ವ್ಹೀಲನ್ನು ದಿಬ್ಬಕ್ಕೆ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಸ್ಟೇರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಹೊರಗೆ ಒಬ್ಬರು ಕೂತು ಲೈನರ್, ಕ್ಯಾಬಿನ್ ಮೌಂಟ್, ಮೇಲಿನ ಆರ್ಮ್ ಮೂರನ್ನೂ ನೋಡಬೇಕು. ಆಮೇಲೆ ಇನ್ನೊಂದು ಕಡೆ.

ಹಿಂದಿನ ಭಾಗಕ್ಕೆ ಹೊಸ ಪಟ್ಟಿ ಸೆಟ್ಟೇ ಉತ್ತಮ. ಇದ್ದ ಕಮಾನಿಗೆ ಒಂದು ಪಟ್ಟಿ ಸೇರಿಸುವುದು ನಮ್ಮೂರ ಕಮ್ಮಾರರೂ ಮಾಡುವ ಕೆಲಸ. ಎತ್ತರ ಬರುತ್ತೆ, ಜೊತೆಗೆ ಗಡಸುತನವೂ. ಉದ್ದದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಹಾಕಿದರೆ ಉದ್ದ ಹೆಚ್ಚಾದದ್ದರ ಅರ್ಧದಷ್ಟೇ ಎತ್ತರ ಸಿಗುತ್ತೆ. ಪಟ್ಟಿಗೂ ಆಕ್ಸಲಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟರೆ ಭಾರ ಎಳೆಯುವಾಗ ಆಕ್ಸಲ್ ತಿರುಚುತ್ತೆ. ಒಂದರ ಮೇಲೊಂದು ಬ್ಲಾಕ್ ಇಟ್ಟ ಗಾಡಿ ಕಂಡರೆ ನಾನು ರಸ್ತೆಯಲ್ಲಿ ದೂರ ಇರುತ್ತೇನೆ. ಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಮಾತ್ರ ಪ್ರತಿ ಸಲವೂ ಹೊಸದೇ ಹಾಕಿಸಿ, ಒಮ್ಮೆ ಬಿಗಿದು ಹಿಗ್ಗಿದ್ದನ್ನು ಮತ್ತೆ ಬಿಗಿದರೆ ಹಿಡಿಯೋದಿಲ್ಲ.

ಹಿಂದೆ ಎತ್ತಿದ ಮೇಲೆ ಗಾಡಿ ಹೊರಡುವಾಗ ಅಡಿಯಿಂದ ಗಡಗಡ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗ್ ನೋಡಿ. ಎರಡು ತುಂಡಿನ ಆ ಶಾಫ್ಟಿನ ಕೋನ ಬದಲಾಗಿರುತ್ತೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿಗೆ ಸರಳೊಂದು ಕಟ್ಟಿದ ಬ್ರೇಕ್ ವಾಲ್ವ್ ಇರುತ್ತೆ. ಚಾಸಿ ಎಷ್ಟು ಕುಸಿದಿದೆ ಅನ್ನುವುದರ ಮೇಲೆ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಅಂತ ಅದು ತೀರ್ಮಾನಿಸುತ್ತೆ. ಲಿಫ್ಟ್ ಹಾಕಿ ಅದನ್ನು ಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ನಿಮ್ಮದರಲ್ಲಿ ಇದೆಯಾ ಅಂತ ಅಡಿಗೆ ಹೋಗಿ ನೋಡಿ. ಬ್ರೇಕ್ ಹೋಸ್, ಎಬಿಎಸ್ ವಯರ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದು ನಿಂತಿಲ್ಲ ತಾನೇ ಅನ್ನುವುದನ್ನು ವ್ಹೀಲ್ ತೂಗಿಬಿಟ್ಟು ನೋಡಬೇಕು.

ಬಾಡಿ ಲಿಫ್ಟ್, ಅಂದರೆ ಚಾಸಿಗೂ ಕ್ಯಾಬಿನ್ನಿಗೂ ನಡುವೆ ಬಿಲ್ಲೆ ಇಡುವುದು: ಬೇಡ.

ಕಾನೂನು, ಇನ್ಶೂರೆನ್ಸ್

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಂನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಇದೆ. ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕುವುದನ್ನು 2017ರ ಕೊನೆಯಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ನಿಷೇಧಿಸಿದೆ. "ಎಲ್ಲರೂ ಹಾಕಿಸಿದ್ದಾರಲ್ಲ ಅಣ್ಣಾ" ಅನ್ನುವ ಮಾತು ಆರ್‌ಟಿಒ ಮುಂದೆ ನಡೆಯೋದಿಲ್ಲ.

ಅತ್ಯಂತ ನೆಮ್ಮದಿಯ ಮಟ್ಟ ಯಾವುದೆಂದರೆ, ಅದೇ ಮಾದರಿಯ ಬೇರೆ ವೇರಿಯೆಂಟಿಗೆ ಕಂಪನಿಯೇ ಕೊಟ್ಟಿರುವ ಟಯರ್ ಮತ್ತು ವ್ಹೀಲ್ ಅಳತೆ, ಮೂಲ ಎತ್ತರದ ಗಟ್ಟಿ ಸ್ಪ್ರಿಂಗ್, ಒಳ್ಳೆಯ ಶಾಕ್ ಅಬ್ಸಾರ್ಬರ್. ಅದರಾಚೆಗೆ ಹೆಜ್ಜೆ ಇಡುವವರು ಮೊದಲು ಆರ್‌ಟಿಒದಲ್ಲಿ ಲಿಖಿತವಾಗಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೂ ಪತ್ರ ಕೊಟ್ಟು ಪಾಲಿಸಿಯಲ್ಲಿ ನಮೂದಿಸಿಕೊಳ್ಳಿ. ಅಪಘಾತವಾದ ಮೇಲೆ ಸರ್ವೇಯರ್ ಮೊದಲು ನೋಡುವುದೇ ಟಯರ್. ಗಾಡಿ ವಾರಂಟಿಯಲ್ಲಿದ್ದರೆ ಸಸ್ಪೆನ್ಷನ್ ಮುಟ್ಟದೆ ಅದು ಮುಗಿಯುವ ತನಕ ಕಾಯುವುದು ಜಾಣತನ. ಹಳದಿ ಬೋರ್ಡಿನವರಂತೂ ಎಫ್‌ಸಿಗೆ ಹೋಗಲೇಬೇಕಾದವರು, ಈ ಗೊಡವೆಯೇ ಬೇಡ.

ಅಷ್ಟೆಲ್ಲಾ ಮಾಡುವ ಮುಂಚೆ ಒಂದು ಪುಕ್ಕಟೆ ಪ್ರಯೋಗ ಇದೆ. ಕೆಸರಿಗೆ ಇಳಿಯುವ ಮುನ್ನ ನಾಲ್ಕೂ ಟಯರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ, ಫೋರ್ ಲೋ (ನಾಲ್ಕೂ ವ್ಹೀಲ್ ನಿಧಾನವಾಗಿ, ಹೆಚ್ಚು ಎಳೆತದಲ್ಲಿ ತಿರುಗುವ ಗೇರ್) ಹಾಕಿ, ನಿಧಾನ ಹೋಗಿ ನೋಡಿ. ಟಾರಿಗೆ ಬಂದ ಕೂಡಲೇ ತುಂಬಿಸಿಕೊಳ್ಳಲು ಸಣ್ಣ ಕಂಪ್ರೆಸರ್ ಜೊತೆಗಿರಲಿ. ಲಿಫ್ಟ್ ಬೇಕೇಬೇಕು ಅಂತ ಬಂದವರಲ್ಲಿ ಕೆಲವರು ಇಷ್ಟು ಮಾಡಿ ನೋಡಿ, ಬರೀ ಎಟಿ ಟಯರ್ ಹಾಕಿಸಿಕೊಂಡು ಹೋಗಿದ್ದಾರೆ.

ಹಾಕಿಸಿದ ಮೇಲೆ

ಸಸ್ಪೆನ್ಷನ್ ಬುಶ್‌ಗಳ ಬೋಲ್ಟನ್ನು ಗಾಡಿ ಜಾಕಿಯ ಮೇಲೆ ತೂಗುತ್ತಿರುವಾಗ ಕೊನೆಯ ಬಿಗಿ ಕೊಡಬಾರದು. ನೆಲದ ಮೇಲೆ ಪೂರ್ತಿ ಭಾರ ಕೂತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಎದುರಿಗೆ ನಿಂತು ನೋಡಿಕೊಳ್ಳಿ. ಅದೇ ದಿನ ಅಲೈನ್‌ಮೆಂಟ್. ಪ್ರಿಂಟ್ ಕೇಳಿ ಪಡೆಯಿರಿ, ಟೋ, ಕ್ಯಾಂಬರ್, ಕ್ಯಾಸ್ಟರ್ ಮೂರರ ಅಂಕಿಯೂ ಅದರಲ್ಲಿರಬೇಕು. ವ್ಹೀಲ್ ನಟ್ಟನ್ನು 50ರಿಂದ 100 ಕಿಲೋಮೀಟರಿನಲ್ಲಿ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿಸಿ. 500 ಕಿಲೋಮೀಟರ್ ಹೊತ್ತಿಗೆ ಸ್ಪ್ರಿಂಗ್ ಸ್ವಲ್ಪ ಕೂತಿರುತ್ತೆ. ಯು-ಬೋಲ್ಟ್ ಬಿಗಿಸಿ, ಮೊದಲು ಬರೆದಿಟ್ಟ ನಾಲ್ಕು ಅಳತೆಯ ಪಕ್ಕ ಹೊಸದು ಬರೆದು, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ. ಹೆಡ್‌ಲೈಟ್ ಕೆಳಗಿಳಿಸುವುದನ್ನು ಹತ್ತಕ್ಕೆ ಒಂಬತ್ತು ಮಂದಿ ಮರೆಯುತ್ತಾರೆ. ಎದುರಿನ ಬೈಕಿನವನ ಕಣ್ಣಿಗೆ ಹೊಡೆಯುವ ಆ ಬೆಳಕಿಗೆ ಮೂತಿ ಮೇಲಾದದ್ದೇ ಕಾರಣ.

ಸ್ಟೆಪ್ನಿಯನ್ನೂ ಅದೇ ಅಳತೆಗೆ ತನ್ನಿ, ಬಾಡಿಯ ಅಡಿಯ ಜಾಗದಲ್ಲಿ ಅದು ಕೂರುತ್ತಾ, ಸರಪಳಿ ಪೂರ್ತಿ ಮೇಲೆಳೆಯುತ್ತಾ ನೋಡಿ. ಮನೆಯಂಗಳದಲ್ಲೇ ಒಮ್ಮೆ ವ್ಹೀಲ್ ಬದಲಾಯಿಸಿ ಅಭ್ಯಾಸ ಮಾಡಿ. ಕಂಪನಿಯ ಜಾಕಿ ಮೂಲ ಎತ್ತರಕ್ಕೆ ಮಾಡಿದ್ದು, ಈಗ ಅದು ಪೂರ್ತಿ ಎದ್ದರೂ ಟಯರ್ ನೆಲ ಬಿಡದೇ ಇರಬಹುದು. ಹಾಗಾದರೆ ಅಗಲ ತಳದ ಗಟ್ಟಿ ಮರದ ತುಂಡೊಂದನ್ನು ಕೊಯ್ಯಿಸಿ, ಜಾಕಿಯ ಜೊತೆಗೇ ಸೀಟಿನ ಹಿಂದೆ ಕಟ್ಟಿಡಿ.